ಸೋಮವಾರದೊಳಗೆ ಒಂದು ಹೃದಯ

ಮೈಕಣ್ಣನ ಮಗಳು ಹೈಸ್ಕೂಲಿನಲ್ಲಿ ಅಡ್ವಾನ್ಸ್ಡ್ ಬಯಾಲಜಿ ತರಗತಿಗೆ ಆಯ್ಕೆಯಾದಳು. ಇದರಲ್ಲಿ ಮೈಕಣ್ಣನ ತಪ್ಪೇನೂ ಇರಲಿಲ್ಲ. ಆದರೆ ಆಮೇಲೆ ನಡೆದದ್ದಕ್ಕೆಲ್ಲ ಅವನೊಬ್ಬನೇ ಕಾರಣ ಎಂದು ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಹೆಂಡತಿಯೇ ಹೇಳಿದ ಮೇಲೆ ನಾವು ಬೇರೆ ಸಾಕ್ಷಿ ಹುಡುಕುವುದು ಸರಿಯಲ್ಲ.

ಮೈಕಣ್ಣ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವವನು. ಅವನ ದನಿ ನಿಲ್ದಾಣದ ಮೂಲೆಮೂಲೆಗೂ ಮುಟ್ಟುತ್ತಿತ್ತು. ಮಾತು ಮಾತ್ರ ಯಾರಿಗೂ ಮುಟ್ಟುತ್ತಿರಲಿಲ್ಲ. ಅವನ ಗಂಟಲಿಗೂ ಕಂಬದ ಮೇಲಿನ ಸ್ಪೀಕರಿಗೂ ನಡುವೆ ಎಲ್ಲೋ ಅಕ್ಷರಗಳೆಲ್ಲ ಕರಗಿ, ಹೊರಬರುವಾಗ ದೊಡ್ಡ ಹಂಡೆಯೊಳಗೆ ಕೂತು ಯಾರೋ ಆಕಳಿಸಿದಂತೆ ಕೇಳುತ್ತಿತ್ತು. ಪ್ರಯಾಣಿಕರು ಅದನ್ನು ಗೌರವದಿಂದ ಆಲಿಸಿ, ಆಮೇಲೆ ಪಕ್ಕದವರನ್ನು ವಿಚಾರಿಸಿ ಬಸ್ಸು ಹತ್ತುತ್ತಿದ್ದರು.

ಕಥೆ ಶುರುವಾದದ್ದು ಹೆಂಡತಿಯ ಅಣ್ಣನ ಮನೆಯ ಸೋಫಾದ ಮೇಲೆ. ಈ ಭಾವನವರು ದೊಡ್ಡ ಬಟ್ಟೆ ಅಂಗಡಿಯ ಮ್ಯಾನೇಜರು. ಅವರ ಸೋಫಾಕ್ಕೆ ಕೊಂಡಾಗಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇತ್ತು. ಅದರ ಮೇಲೆ ಕೂತವರೆಲ್ಲ ಜಾರುತ್ತಿದ್ದರು, ಭಾವನವರು ಜಾರುತ್ತಿರಲಿಲ್ಲ.

"ನಮ್ಮ ಹುಡುಗ ಕಂಪ್ಯೂಟರ್ ಕ್ಲಾಸಿಗೆ ಸೇರ್ಕೊಂಡ," ಎಂದರು ಭಾವ. "ನಿಮ್ಮ ಹುಡುಗಿ ಏನ್ಮಾಡ್ತಿದ್ದಾಳೆ? ಓದ್ತಿದ್ದಾಳೆ ತಾನೆ?"

"ಅಡ್ವಾನ್ಸ್ ಬಯಾಲಜಿ," ಎಂದ ಮೈಕಣ್ಣ, ಜಾರದಂತೆ ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು.

"ಹಂಗಂದ್ರೆ?"

ಹಾಗಂದರೆ ಏನೆಂದು ಮೈಕಣ್ಣನಿಗೂ ಗೊತ್ತಿರಲಿಲ್ಲ. "ಬಯಾಲಜಿಗಿಂತ ಮುಂದೆ, ಭಾವ."

"ಎಷ್ಟು ಮುಂದೆ?"

"ಎರಡು ಸ್ಟಾಪ್ ಮುಂದೆ."

"ಅದನ್ನ ಎಲ್ಲಾ ಮಕ್ಕಳೂ ಓದ್ತಾರಾ?"

"ಎಲ್ಲಿ ಬಂತು ಭಾವ! ಇಡೀ ಸ್ಕೂಲಿಗೆ ಬೆರಳೆಣಿಕೆ ಮಕ್ಕಳು."

ಭಾವನವರು ಸ್ವಲ್ಪ ಜಾರಿದರು. ಮದುವೆಯಾದಾಗಿನಿಂದ ಮೈಕಣ್ಣ ಕಾಯುತ್ತಿದ್ದ ಗಳಿಗೆ ಅದು. ಆ ಜಾರುವಿಕೆಯನ್ನು ಅವನು ವಾರವಿಡೀ ಮನಸ್ಸಿನಲ್ಲಿ ಚಪ್ಪರಿಸಿದ.

ಆ ವಾರ ಮುಗಿಯುವ ಮೊದಲೇ, ಒಂದು ಸಂಜೆ, ಮಗಳು ಪುಸ್ತಕದಿಂದ ತಲೆಯೆತ್ತಿ ಹೇಳಿದಳು: "ಅಪ್ಪ, ಸೋಮವಾರದೊಳಗೆ ನಂಗೊಂದು ಹೃದಯ ಬೇಕು."

ಅವಳು ಕೂತಿದ್ದದ್ದು ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹಗಲೆಲ್ಲ ಅವಳ ಬಾಯಲ್ಲಿ ಗುಂಡುಸೂಜಿ, ಹಾಗಾಗಿ ಮನೆಯಲ್ಲಿ ಅವಳ ಮಾತಿಗೆ ತುಂಬ ಬೆಲೆ. ಮಗಳಿಗೆ ಹೃದಯದ ಹುಚ್ಚು ಹಿಡಿದು ತಿಂಗಳಾಗಿತ್ತು. ಅಮ್ಮನ ಸೀಮೆಸುಣ್ಣದಲ್ಲಿ ಹೃದಯದ ನಾಲ್ಕು ಕೋಣೆ ಬರೆದು ಬರೆದು, ಯಾರದೋ ಕುಪ್ಪಸದ ಬಟ್ಟೆಯ ಮೇಲೂ ಬರೆದು, ಅಮ್ಮ ಅದನ್ನೇ ಗುರುತು ಎಂದು ತಿಳಿದು ಅರ್ಧ ಕತ್ತರಿಸಿಯೂ ಆಗಿತ್ತು.

"ಕುರಿ ಹೃದಯ ಅಪ್ಪ. ನಮ್ಮ ಕ್ಲಾಸಲ್ಲಿ ಮಕ್ಕಳು ಜಾಸ್ತಿ, ಲ್ಯಾಬಲ್ಲಿ ಮೇಜು ಕಮ್ಮಿ. ಅದಕ್ಕೇ ಮೇಡಂ ಸೋಮವಾರ ಪ್ರಾಕ್ಟಿಕಲ್ ಇಟ್ಟಿದ್ದಾರೆ. ಒಬ್ಬೊಬ್ರೂ ಒಂದು ಹೃದಯ ತಂದು, ಕುಯ್ದು, ರಕ್ತ ಓಡಾಡೋ ದಾರಿ ತೋರಿಸ್ಬೇಕು. ಸರಿಯಾಗಿ ಮಾಡಿದವರು ಅಡ್ವಾನ್ಸ್ಡ್‌ನಲ್ಲಿ ಉಳೀತಾರೆ. ಮಿಕ್ಕವರು ವಾಪಸ್ ಸಾದಾ ಬಯಾಲಜಿಗೆ."

ಮೈಕಣ್ಣನ ಕಣ್ಣ ಮುಂದೆ ಭಾವನ ಸೋಫಾ ಬಂತು. "ಹೃದಯ ಸಿಗದಿದ್ರೆ ನೀನು ಉಳಿಯಲ್ವಾ?"

"ಉಳಿಯಲ್ಲ."

"ಆಯ್ತು. ತರ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟ. ಆದರೆ ಮೈಕಣ್ಣ ಸೊಳ್ಳೆ ಹೊಡೆದರೂ ಅಂಗೈ ನೋಡಿಕೊಳ್ಳದೆ ತೊಳೆಯುವ ಜಾತಿಯವನು. ಟೊಮೇಟೊ ಹೆಚ್ಚುವುದನ್ನೂ ಓರೆಗಣ್ಣಿನಲ್ಲೇ ನೋಡುತ್ತಿದ್ದ. ಅಂಥವನು ಮಟನ್ ಅಂಗಡಿಯ ಮುಂದೆ ಹೋಗಿ ನಿಲ್ಲುವುದು ಹೇಗೆ? ಫೋನ್ ಮಾಡಿಬಿಡೋಣ ಎಂದು ತೀರ್ಮಾನಿಸಿದ. ಮನೆಯಿಂದ ಮಾಡಿದರೆ ಅಕ್ಕಪಕ್ಕದವರಿಗೆ ಕೇಳಿಸುತ್ತದೆ. ಹಾಗಾಗಿ ಈ ಜಗತ್ತಿನಲ್ಲೇ ಅತ್ಯಂತ ಗುಟ್ಟಾದ ಜಾಗವೆಂದು ಅವನಿಗೆ ತೋರಿದ ತನ್ನ ಗಾಜಿನ ಗೂಡನ್ನೇ ಆರಿಸಿಕೊಂಡ.

ಮಾರನೆಯ ದಿನ ಒಂದು ಬಸ್ಸಿನ ವೇಳೆ ಹೇಳಿ ಮುಗಿಸಿ, ಗೂಡಿನ ಬಾಗಿಲು ಹಾಕಿ, ಪರದೆ ಎಳೆದು, ಫೋನ್ ಹಚ್ಚಿದ. ಇಷ್ಟೆಲ್ಲ ಎಚ್ಚರ ವಹಿಸಿದವನು ಮೈಕನ್ನು ಆಫ್ ಮಾಡುವುದನ್ನು ಮರೆತಿದ್ದ. ಅದರ ಕೆಂಪು ದೀಪ ಉರಿಯುತ್ತಲೇ ಇತ್ತು.

ಆ ನಿಲ್ದಾಣ ಕಟ್ಟಿದಾಗಿನಿಂದ ಅಲ್ಲಿನ ಸ್ಪೀಕರುಗಳಿಂದ ಒಂದೇ ಒಂದು ಮಾತೂ ಸರಿಯಾಗಿ ಹೊರಬಂದಿರಲಿಲ್ಲ. ಅವತ್ತು, ಮೈಕಣ್ಣ ಅಧಿಕಾರದ ದನಿ ಬಿಟ್ಟು ಮನೆಯ ದನಿಯಲ್ಲಿ ಮಾತಾಡಿದ್ದರಿಂದಲೋ ಏನೋ, ಪ್ರತಿಯೊಂದು ಅಕ್ಷರವೂ ನೀರಿನಲ್ಲಿ ತೊಳೆದಿಟ್ಟಂತೆ ಕೇಳಿಸಿತು:

"ಹಲೋ, ಅಣ್ಣ, ನಾನು... ಒಂದು ಹೃದಯ ಬೇಕಾಗಿತ್ತು... ಹೌದಣ್ಣ, ಹೃದಯ. ಗುಂಡಿಗೆ... ನನ್ನ ಮಗಳಿಗೆ... ಪೂರ್ತಿ ಇರ್ಬೇಕು, ಎಲ್ಲೂ ತೂತು ಇರ್ಬಾರದು, ನರ ನಾಳ ಎಲ್ಲ ಹಂಗೇ ಇರ್ಬೇಕಂತೆ... ಸೋಮವಾರದೊಳಗೆ ಸಿಗದಿದ್ರೆ ನನ್ನ ಮಗಳು ಉಳಿಯಲ್ಲಣ್ಣ... ಮೇಡಂ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಅರ್ಧಕ್ಕರ್ಧ ಮಕ್ಕಳು ಉಳಿಯಲ್ಲ ಅಂತ... ನಿಮ್ಮ ಕೈಯಲ್ಲಿದೆ ಅಣ್ಣ."

ನಿಲ್ದಾಣ ನಿಂತುಹೋಯಿತು. ಬಸ್ಸಿಗೆ ಓಡುತ್ತಿದ್ದವರು ಓಡುವುದನ್ನು ಬಿಟ್ಟರು. ಚಿಲ್ಲರೆಗಾಗಿ ಜಗಳವಾಡುತ್ತಿದ್ದ ಕಂಡಕ್ಟರ್ ಮತ್ತು ಪ್ರಯಾಣಿಕ ಒಬ್ಬರನ್ನೊಬ್ಬರು ಕ್ಷಮಿಸಿದರು. ಪೇಪರ್ ಮಾರುವವನು ಕೈಲಿದ್ದ ಪೇಪರಿನಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಸುದ್ದಿ ಮಾಡಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಮೈಕಣ್ಣ ಹಗುರಾಗಿ ಹೊರಗೆ ಬಂದ. ಮಟನ್ ಅಂಗಡಿಯವನು ಭಾನುವಾರ ತಾನೇ ಮನೆಗೆ ತಂದುಕೊಡುವುದಾಗಿ ಒಪ್ಪಿದ್ದ. ಹೊರಗೆ ನೋಡಿದರೆ ಇಡೀ ನಿಲ್ದಾಣ ಅವನಿಗೆ ದಾರಿ ಬಿಟ್ಟು ನಿಂತಿತ್ತು. ಅಲ್ಲಿನ ಹಿರಿಯ ಡ್ರೈವರು, ಹಾರ್ನ್ ಬಿಟ್ಟರೆ ಬೇರೆ ಭಾಷೆಯನ್ನೇ ಬಳಸದ ಮನುಷ್ಯ, ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಎಲ್ಲಾ ಕೇಳಿಸ್ತು ಕಣಪ್ಪ."

ಭಾವನ ಮನೆಯಲ್ಲಿ ಆಡಿದ ಮಾತು ಇಷ್ಟು ಬೇಗ ಇಲ್ಲಿಗೆ ಮುಟ್ಟಿತೇ ಎಂದು ಮೈಕಣ್ಣನಿಗೆ ಹಿಗ್ಗು. "ಕೇಳಿಸ್ತಾ? ಯಾರಿಗೂ ಹೇಳೋದು ಬೇಡ ಅಂತಿದ್ದೆ ಅಣ್ಣ."

"ಇಂಥದ್ದನ್ನ ಒಬ್ನೇ ಇಟ್ಕೋಬಾರ್ದು. ಏನಂತ ಹೇಳಿದ್ರು?"

"ಅಡ್ವಾನ್ಸ್ ಬಯಾಲಜಿ."

"ಬಯಾಲಜಿ! ಅದೂ ಅಡ್ವಾನ್ಸ್!" ಡ್ರೈವರು ಕಣ್ಣು ಮುಚ್ಚಿಕೊಂಡ. "ನಮ್ಮ ಚಿಕ್ಕಪ್ಪಂಗೂ ಅಡ್ವಾನ್ಸ್ ಆದ್ಮೇಲೇ ಗೊತ್ತಾಗಿದ್ದು."

"ಹೌದಾ! ಅವರದು ಎಷ್ಟು ವರ್ಷ ಆಯ್ತು?"

"ಎಲ್ಲಿ ವರ್ಷ? ಆರು ತಿಂಗಳಿಗೇ ಮುಗಿಸಿಬಿಟ್ರು."

"ಭಾರಿ ಚುರುಕು ಬಿಡಿ. ನಮ್ಮ ಹುಡುಗಿಗೆ ಎರಡು ವರ್ಷ ಅಂತ ಹೇಳಿದ್ದಾರೆ."

"ಎರಡೇ ವರ್ಷವಾ? ಆಮೇಲೆ?"

"ಆಮೇಲೆ ದೇವರು ಕಣ್ಣು ಬಿಟ್ರೆ ದೊಡ್ಡಾಸ್ಪತ್ರೆ ಸೇರ್ತಾಳೆ," ಎಂದು ಮೈಕಣ್ಣ ಎದೆಯುಬ್ಬಿಸಿ ನಕ್ಕ.

ಈ ಧೈರ್ಯವನ್ನು ಕಂಡು ಡ್ರೈವರಿಗೆ ತಡೆಯಲಾಗಲಿಲ್ಲ. ಮೈಕಣ್ಣನನ್ನು ಬಾಚಿ ತಬ್ಬಿಕೊಂಡು ಹೇಳಿದ: "ನಂಗೂ ವಯಸ್ಸಾಯ್ತು. ಮಕ್ಕಳು ದಡ ಸೇರಿದ್ದಾರೆ. ನನ್ನ ಹೃದಯ ತಗೊಂಡ್ಬಿಡು."

ಮಗಳ ಪ್ರಾಕ್ಟಿಕಲ್ಲಿನ ವಿಷಯವೂ ಇವನಿಗೆ ಗೊತ್ತಾಗಿರುವುದನ್ನು ಕಂಡು ಮೈಕಣ್ಣ ಇನ್ನಷ್ಟು ಹಿಗ್ಗಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ತಾನೂ ನಗುತ್ತಲೇ ಹೇಳಿದ: "ನಿಮ್ದು ಯಾಕಣ್ಣ ಸುಮ್ನೆ? ಕುರಿದು ಸಾಕು."

"ಕುರಿದಾ!"

"ಕುರಿದೇ ಆಗ್ಬೇಕಂತೆ. ಮೇಡಂ ಹೇಳಿದ್ದಾರೆ."

"ಕುಯ್ಯೋದು ಮೇಡಮ್ಮೇನಾ?"

"ಏ, ಇಲ್ಲ. ಮೇಡಂ ಪಕ್ಕದಲ್ಲಿ ನಿಂತ್ಕೊಂಡು ನೋಡ್ತಾರೆ ಅಷ್ಟೆ. ಇವಳೇ ಬ್ಲೇಡ್ ಹಿಡ್ಕೊಂಡು ಕುಯ್ಬೇಕು. ಸ್ಕೂಲಲ್ಲೇ. ಒಂದು ಪೀರಿಯಡ್ಡಿನೊಳಗೆ ಮುಗಿಸ್ಬೇಕು."

ಡ್ರೈವರು ಅಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವತ್ತು ಅವನ ಬಸ್ಸು ತಡವಾಗಿ ಹೊರಟಿತು. ದಾರಿಯಲ್ಲಿ ಪ್ರತಿಯೊಂದು ಸ್ಟಾಪಿನಲ್ಲೂ ಪ್ರಯಾಣಿಕರ ಜೊತೆ ಸುದ್ದಿಯೂ ಇಳಿಯಿತು. ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಸುದ್ದಿ ಹತ್ತಿಕೊಂಡಿತು.

ಮೈಕಣ್ಣನ ಬೀದಿಗೆ ಅದು ಬಂದು ಸೇರುವ ಹೊತ್ತಿಗೆ ಮೈಕೈ ತುಂಬಿಕೊಂಡಿತ್ತು. ಎದುರು ಮನೆಯಲ್ಲಿ ನಿವೃತ್ತ ಕಂಪೌಂಡರೊಬ್ಬರಿದ್ದರು. ಆ ಬೀದಿಯಲ್ಲಿ ಯಾರಿಗೆ ಏನೇ ಆದರೂ, ಅವರು ಅದನ್ನು ಮೊದಲೇ ಕಂಡವರು.

"ಬಯಾಲಜಿ ತಾನೆ? ನಾನು ಸರ್ವೀಸಲ್ಲಿದ್ದಾಗ ಎಷ್ಟು ನೋಡಿಲ್ಲ!" ಎಂದರು ಅವರು, ಜಗುಲಿಯ ಮೇಲೆ ನೆರೆದವರಿಗೆ. "ಆ ಕಾಲದಲ್ಲಿ ಅದಕ್ಕೆ ಔಷಧಿನೇ ಇರ್ಲಿಲ್ಲ. ಈಗ ಕುರಿದು ಹಾಕ್ತಾರೆ."

ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಕಿವಿಗೆ ಕೈಯಿಟ್ಟುಕೊಂಡು ಕೇಳಿದಳು: "ಕುರಿ ಹೃದಯ ಹಾಕಿದ್ಮೇಲೆ ಹುಡುಗಿ ಹುಲ್ಲು ತಿನ್ನತ್ತೇನೋ?"

ಕಂಪೌಂಡರು ಯೋಚಿಸಿದರು. "ಒಮ್ಮೆಗೇ ಹುಲ್ಲು ಕೊಡಲ್ಲಮ್ಮ. ಮೊದಲು ಸೊಪ್ಪಿಂದ ಶುರು ಮಾಡ್ತಾರೆ."

ಆ ಸಂಜೆ ಮೈಕಣ್ಣನ ಮನೆಗೆ ಎಲ್ಲಿಂದಲೋ ಸೊಪ್ಪಿನ ಕಟ್ಟುಗಳು ಬಂದವು. ಬಾಗಿಲಲ್ಲಿ ಇಟ್ಟು, ಏನೂ ಹೇಳದೆ, ತಲೆ ತಗ್ಗಿಸಿ ಹೋದರು ಜನ. ಹೆಂಡತಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹುಬ್ಬೇರಿಸಿದಳು. "ಮಗಳ ಓದಿಗೆ ಮರ್ಯಾದೆ ಕೊಡ್ತಿದ್ದಾರೆ ಕಣೆ," ಎಂದ ಮೈಕಣ್ಣ, ಗಂಭೀರವಾಗಿ.

ಶನಿವಾರ ಹೆಡ್‌ಮಾಸ್ಟರು ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿದರು. ಅವಳು ಒಳಗೆ ಬಂದದ್ದೇ ತಡ, ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು. ಆ ಶಾಲೆಯಲ್ಲಿ ಇನ್ಸ್‌ಪೆಕ್ಟರು ಬಂದಾಗಲೂ ಅವರು ಹೀಗೆ ಎದ್ದದ್ದಿಲ್ಲ.

"ನಿಧಾನಕ್ಕೆ ಕೂತ್ಕೋಮ್ಮ. ಜೋರಾಗಿ ಉಸಿರಾಡ್ಬೇಡ. ನೋಡು, ಸೋಮವಾರದ ಪ್ರಾಕ್ಟಿಕಲ್ಲಿಗೆ ನೀನು ಬರೋದು ಬೇಡ."

"ಯಾಕೆ ಸಾರ್?"

"ಜೀವ ಇದ್ರೆ ತಾನೆ ಜೀವಶಾಸ್ತ್ರ?" ತಮ್ಮ ಮಾತು ತಮಗೇ ಹಿಡಿಸಿ ಅವರು ಇನ್ನೊಮ್ಮೆ ಹೇಳಿದರು. "ಜೀವ ಇದ್ರೆ ತಾನೆ ಜೀವಶಾಸ್ತ್ರ! ಅದಕ್ಕೆ ನಿನ್ನನ್ನ ಚಿತ್ರಕಲೆಗೆ ಹಾಕಿದ್ದೀನಿ. ಹೂವು ಬರಿ, ಚಿಟ್ಟೆ ಬರಿ. ಯಾವ ಒತ್ತಡನೂ ಇರಲ್ಲ."

"ನಂಗೇನೂ ಆಗಿಲ್ಲ ಸಾರ್!"

"ಅದೇ, ಅದೇ. ಹಂಗೇ ಅಂದ್ಕೊಂಡಿರ್ಬೇಕು," ಎಂದು ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಪಕ್ಕದಲ್ಲಿ ಏನೋ ಹೇಳಹೊರಟಿದ್ದ ಬಯಾಲಜಿ ಮೇಡಂ ಕಡೆಗೆ ಬಾಗಿ, ಹುಡುಗಿಗೂ ಕೇಳಿಸುವಂತೆ ಪಿಸುಗುಟ್ಟಿದರು: "ಪಾಪ, ಮನೇಲಿ ಹೇಳೇ ಇಲ್ಲ."

ತನಗೆ ಏನೂ ಆಗಿಲ್ಲ ಎಂದು ಹುಡುಗಿ ಹೇಳಿದಷ್ಟೂ ಎಲ್ಲರಿಗೂ ಅವಳ ಮೇಲೆ ಕನಿಕರ ಹೆಚ್ಚಾಯಿತು. ರೇಗಿ, ತಾನು ಎಷ್ಟು ಗಟ್ಟಿ ಎಂದು ತೋರಿಸಲು ಶಾಲೆಯಿಂದ ಮನೆಯವರೆಗೂ ಓಡಿಬಂದಳು. ಬೀದಿಯ ತಿರುವಿನಲ್ಲಿ ಕಂಪೌಂಡರು ತಡೆದು ನಿಲ್ಲಿಸಿ ಕೈ ಹಿಡಿದರು. ನಾಡಿ ನೋಡಿದರು. "ಅಯ್ಯೋ, ಓಡ್ತಾ ಇದೆ!" ಎಂದರು.

"ಓಡ್ತಿರೋಳು ನಾನು ತಾತ!"

"ನೀನು ನಿಂತಿದ್ದೀಯ ಮಗಳೇ. ಅದು ಓಡ್ತಾ ಇದೆ," ಎಂದು ಕಂಪೌಂಡರು ತಲೆಯಾಡಿಸಿದರು.

ಮನೆಗೆ ಬಂದವಳೇ ಚೀಲ ಎಸೆದಳು. "ನಂಗೆ ಹೃದಯ ಕೆಟ್ಟಿದೆ ಅಂತ ಊರಿಗೆಲ್ಲ ಯಾರಪ್ಪ ಹೇಳಿದ್ದು?"

ಹೆಂಡತಿ ಹೊಲಿಗೆ ನಿಲ್ಲಿಸಿದಳು. ಬಾಯೊಳಗಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. ಅವಳು ಪೂರ್ತಿ ಬಾಯಿ ಖಾಲಿ ಮಾಡಿಕೊಳ್ಳುವುದು ಬಲು ಅಪರೂಪ.

"ಫೋನ್ ಎಲ್ಲಿಂದ ಮಾಡಿದ್ರಿ?"

"ಗೂಡಿಂದ."

"ಮೈಕ್ ಆಫ್ ಮಾಡಿದ್ರಾ?"

ಮೈಕಣ್ಣನಿಗೆ ಕೆಂಪು ದೀಪ ನೆನಪಾಯಿತು. ಡ್ರೈವರಿನ ಅಪ್ಪುಗೆ ನೆನಪಾಯಿತು. ಸೊಪ್ಪು ನೆನಪಾಯಿತು. ಒಂದರ ಹಿಂದೊಂದು ಎಲ್ಲ ಬಸ್ಸುಗಳೂ ಅವನ ತಲೆಯೊಳಗೆ ಒಂದೇ ಪ್ಲಾಟ್‌ಫಾರಮ್ಮಿಗೆ ಬಂದು ನಿಂತವು.

ಮಗಳು ಬೈಯಲಿಲ್ಲ. ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಬಟ್ಟೆ ಕತ್ತರಿಸುವ ಮೇಜಿನ ಅಡಿಗೆ ಹೋಗಿ, ಮೊಣಕಾಲಿಗೆ ಗಲ್ಲವಿಟ್ಟು ಕೂತಳು. "ಚಿಟ್ಟೆ ಬರೀಬೇಕಂತೆ ನಾನು," ಎಂದಳು. ಬೈದಿದ್ದರೆ ಮೈಕಣ್ಣ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ನೇರ ನಿಲ್ದಾಣಕ್ಕೆ ಹೋದ. ಗೂಡು ಹೊಕ್ಕು, ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, ಅಧಿಕೃತವಾದ ದನಿಯಲ್ಲಿ ಸತ್ಯವನ್ನು ಘೋಷಿಸಿದ: ತನ್ನ ಮಗಳು ಆರೋಗ್ಯವಾಗಿದ್ದಾಳೆ, ಹೃದಯ ಬೇಕಾದದ್ದು ಪಾಠಕ್ಕೆ, ಸಾರ್ವಜನಿಕರು ಗಾಳಿಮಾತನ್ನು ನಂಬಬಾರದು.

ಹಂಡೆಯೊಳಗಿನ ಆಕಳಿಕೆ ನಿಲ್ದಾಣದ ತುಂಬ ಹರಡಿತು. ಅದರಲ್ಲಿ ಜನಕ್ಕೆ ಕೇಳಿಸಿದ ಒಂದೇ ಶಬ್ದ "ಮಗಳು".

"ಪಾಪ, ಅಳ್ತಿದ್ದಾನೆ," ಎಂದರು ಎಲ್ಲರೂ.

ಭಾನುವಾರ ಬೆಳಿಗ್ಗೆ ಮೈಕಣ್ಣನ ಮನೆಯ ನಡುಕೋಣೆ ತುಂಬಿಹೋಯಿತು. ಭಾವನವರು ದೊಡ್ಡ ಹಣ್ಣಿನ ಬುಟ್ಟಿ ಹಿಡಿದು ಬಂದರು. ಡ್ರೈವರು ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಬಂದ. ಕಂಪೌಂಡರು ತಾಯಿಯನ್ನು ಕರೆತಂದು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಹೆಡ್‌ಮಾಸ್ಟರು ಬಯಾಲಜಿ ಮೇಡಂ ಜೊತೆ ಬಂದಾಗ ಕೂರಲು ಜಾಗವಿರಲಿಲ್ಲ. ಅವರು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು, ಮೇಡಂ ಬಾಗಿಲಿಗೆ ಒರಗಿ ನಿಂತರು.

"ದಯವಿಟ್ಟು ನಾನು ಹೇಳೋದನ್ನ ಕೇಳಿ," ಎಂದು ಮೈಕಣ್ಣ ಕೈಮುಗಿದ. "ಇವಳಿಗೆ ಏನೂ ಆಗಿಲ್ಲ. ಹೃದಯ ಇವಳಿಗಲ್ಲ, ಇವಳ ಕ್ಲಾಸಿಗೆ."

"ಇಡೀ ಕ್ಲಾಸಿಗೇ ಬಂದಿದೆಯಾ!" ಎಂದು ಡ್ರೈವರು ಎದ್ದು ನಿಂತ.

ಹೆಡ್‌ಮಾಸ್ಟರು ಅವನನ್ನು ಕೂರಿಸಿ, ಭಾವನವರ ಕಿವಿಯಲ್ಲಿ ಹೇಳಿದರು: "ತಂದೆಗೆ ಆಘಾತ ಆಗಿದೆ. ಒಪ್ಕೊಳ್ಳೋಕೆ ಮನಸ್ಸು ಬರಲ್ಲ. ಸಹಜ."

ಭಾವನವರು ಮೈಕಣ್ಣನ ಎರಡೂ ಕೈ ಹಿಡಿದುಕೊಂಡರು. "ಭಾವಾಜಿ, ನಮ್ಮ ನಮ್ಮಲ್ಲಿ ಏನೇನೋ ಮಾತು ಬಂದಿರಬಹುದು. ಈಗ ಅದೆಲ್ಲ ಬೇಡ. ಆದ್ರೆ ಕುರಿದು ಯಾಕೆ? ನಮ್ಮ ಮನೆತನದಲ್ಲಿ ಕುರಿ ಹೃದಯ ಯಾರಿಗೂ ಇಲ್ಲ. ಸ್ವಲ್ಪ ಒಳ್ಳೇ ಪ್ರಾಣಿದು ನೋಡಿದ್ರೆ—"

ಆಗ ಬಾಗಿಲಲ್ಲಿ ಗಟ್ಟಿ ದನಿ ಕೇಳಿಸಿತು. "ಸಾರ್! ಹೃದಯ ತಂದಿದ್ದೀನಿ!"

ಮಟನ್ ಅಂಗಡಿಯವನು ಸ್ಟೀಲ್ ಡಬ್ಬಿ ಹಿಡಿದು ಒಳಗೆ ಕಾಲಿಟ್ಟ. "ಬೆಳಿಗ್ಗೆದೇ. ಬಿಸಿ ಬಿಸಿ ಇತ್ತು, ಈಗ ತಣ್ಣಗಾಗಿದೆ," ಎಂದು ಅವನು ಡಬ್ಬಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಸುತ್ತ ನೋಡಿದ. "ಇಷ್ಟೊಂದು ಜನ ಯಾಕೆ ಸಾರ್? ಒಂದೇ ತಂದಿದ್ದೀನಲ್ಲ."

ಭಾವನವರು ಪರದೆಯ ಹಿಂದೆ ಹೋದರು. ಹೆಡ್‌ಮಾಸ್ಟರು ಸ್ಟೂಲಿನ ಸಮೇತ ಹಿಂದೆ ಸರಿದರು. ಆಗಲೇ ಹುಡುಗಿ ಎದ್ದದ್ದು. ತೋಳು ಮಡಚಿಕೊಂಡಳು. ಮೇಜಿನ ಮೇಲೆ ಹಳೆ ಪೇಪರು ಹಾಸಿದಳು. ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದುದನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಯ ಮೇಲಿಟ್ಟಳು.

"ಎಲ್ರೂ ಬಂದಿದ್ದೀರಲ್ಲ," ಎಂದಳು, "ಕೂತ್ಕೊಂಡು ನೋಡಿ. ಅಮ್ಮ, ನಿನ್ನ ಸಣ್ಣ ಕತ್ತರಿ ಕೊಡು."

ಆ ಕತ್ತರಿಯನ್ನು ಆ ಮನೆಯಲ್ಲಿ ಕಾಗದ ಕತ್ತರಿಸಲೂ ಯಾರೂ ಮುಟ್ಟುವಂತಿರಲಿಲ್ಲ. ಅಮ್ಮ ಒಂದು ಕ್ಷಣ ಮಗಳ ಮುಖ ನೋಡಿದಳು. ಆಮೇಲೆ ಸೊಂಟದಿಂದ ಬಿಚ್ಚಿ ಕೊಟ್ಟಳು.

"ಜಾರುತ್ತೆ, ಯಾರಾದ್ರೂ ಹಿಡ್ಕೋಬೇಕು," ಎಂದಳು ಹುಡುಗಿ. ಡ್ರೈವರು ಮೇಲ್ಛಾವಣಿ ನೋಡಿದ. ಕಂಪೌಂಡರು ತಮ್ಮ ತಾಯಿಯ ಆರೈಕೆಯಲ್ಲಿ ತೊಡಗಿದರು. ಮಟನ್ ಅಂಗಡಿಯವನು ಮುಂದೆ ಬರುವಷ್ಟರಲ್ಲಿ ಮೈಕಣ್ಣ ಬಂದು ನಿಂತಿದ್ದ. ಕಣ್ಣನ್ನು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಚಾಚಿದ. "ಎಲ್ಲಿದೆ, ಕೈಗೆ ಕೊಡು ಮಗಳೇ."

ಹುಡುಗಿ ಹೃದಯಕ್ಕೆ ಕತ್ತರಿ ಹಾಕಿ, ವಿವರಿಸತೊಡಗಿದಳು. ಅವಳ ದನಿ ಮೆಲ್ಲಗಿತ್ತು; ಹಿಂದಿದ್ದವರಿಗೆ ಕೇಳಿಸದೆ "ಏನಂತೆ, ಏನಂತೆ" ಎಂದು ಗುಸುಗುಸು ಶುರುವಾಯಿತು. ಮೈಕಣ್ಣನಿಗೆ ಕಣ್ಣು ಮುಚ್ಚಿದ್ದರಿಂದ ಭಯವನ್ನು ಮರೆಯಲು ಬೇರೆ ದಾರಿಯಿರಲಿಲ್ಲ. ಮಗಳು ಹೇಳಿದ್ದನ್ನು ತನ್ನ ಕಸುಬಿನ ದನಿಯಲ್ಲಿ ಹಿಂದಿನವರಿಗೆ ಮುಟ್ಟಿಸತೊಡಗಿದ.

"ಪ್ರಯಾಣಿಕರ ಗಮನಕ್ಕೆ! ದೇಹವನ್ನೆಲ್ಲ ಸುತ್ತಿ ಬಂದಿರುವ ರಕ್ತ ಈಗ ಬಲಗಡೆಯ ಮೇಲಿನ ಕೋಣೆಗೆ ಬಂದು ನಿಂತಿದೆ. ಇಲ್ಲಿಂದ ಕವಾಟದ ಮೂಲಕ ಕೆಳಗಿನ ಕೋಣೆಗೆ ಇಳಿಯುತ್ತದೆ. ಇಳಿದವರು ಮತ್ತೆ ಮೇಲೆ ಹತ್ತಲು ಅವಕಾಶವಿಲ್ಲ!"

"ಆಮೇಲೆ?" ಎಂದ ಡ್ರೈವರು, ತಲೆ ಕೆಳಗಿಳಿಸಿ.

"ಅಲ್ಲಿಂದ ಶ್ವಾಸಕೋಶಕ್ಕೆ ಹೊರಡುತ್ತದೆ. ಶ್ವಾಸಕೋಶದಲ್ಲಿ ಗಾಳಿ ತುಂಬಿಸಿಕೊಳ್ಳಲು ಕೊಂಚ ನಿಲುಗಡೆ ಇದೆ. ನಂತರ ಎಡಗಡೆಯ ಮೇಲಿನ ಕೋಣೆಗೆ ವಾಪಸ್!"

"ಗೋಡೆ ನೋಡಿ," ಎಂದಳು ಹುಡುಗಿ. "ಎಡಗಡೆ ಕೆಳಗಿನ ಕೋಣೆದು ಎಷ್ಟು ದಪ್ಪ. ಇಡೀ ಮೈಗೆ ರಕ್ತ ತಳ್ಳೋ ಕೆಲಸ ಇದರದ್ದೇ."

"ದೂರದ ಎಲ್ಲ ಊರುಗಳಿಗೂ ಇಲ್ಲಿಂದಲೇ ಬಸ್ಸು!" ಎಂದು ಮೈಕಣ್ಣ ಗುಡುಗಿದ.

ಭಾವನವರು ಪರದೆಯಿಂದ ಒಂದು ಕಣ್ಣು ಹೊರಗೆ ಹಾಕಿದರು. ಆಮೇಲೆ ಎರಡನ್ನೂ. ಹೆಡ್‌ಮಾಸ್ಟರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. ಹುಡುಗಿ ಚೊಂಬಿನಿಂದ ದೊಡ್ಡ ನಾಳದೊಳಗೆ ನೀರು ಹೊಯ್ದಳು. ನೀರು ಒಳಗೆ ಇಳಿಯದೆ ಮೇಲೇ ನಿಂತಿತು. "ಕವಾಟ ಮುಚ್ಕೊಂಡಿದೆ. ಒಮ್ಮೆ ಹೊರಗೆ ಹೋದ ರಕ್ತನ ಇದು ವಾಪಸ್ ಬಿಡಲ್ಲ."

"ಬಿಡದಿದ್ರೆ ಏನು? ಬಿಟ್ರೆ ಏನು?" ಎಂದರು ಬಾಗಿಲಲ್ಲಿದ್ದ ಮೇಡಂ, ಮೊದಲ ಸಲ ಬಾಯಿ ತೆರೆದು.

ಹುಡುಗಿ ತಲೆಯೆತ್ತದೆ ಉತ್ತರ ಕೊಟ್ಟಳು. ಮೇಡಂ ಇನ್ನೊಂದು ಕೇಳಿದರು. ಅದಕ್ಕೂ ಉತ್ತರ ಬಂತು. ಮೂರನೆಯದನ್ನು ಕೇಳುವ ಹೊತ್ತಿಗೆ ಮೇಡಂ ಬಾಗಿಲು ಬಿಟ್ಟು ಮೇಜಿನ ಹತ್ತಿರವೇ ಬಂದು, ಸೆರಗು ಸಿಕ್ಕಿಸಿಕೊಂಡು, ಬಾಗಿ ನೋಡುತ್ತಿದ್ದರು. ಒಳಗಿನ ಕವಾಟವನ್ನು ಹಿಡಿದಿದ್ದ ಬಿಳಿಯ ಎಳೆಗಳನ್ನು ಹುಡುಗಿ ಸೂಜಿಯಿಂದ ಎತ್ತಿ ತೋರಿಸಿದಾಗ ಅಮ್ಮನೂ ಬಗ್ಗಿದಳು. ಬೇರೆಯವರ ಹೊಲಿಗೆಯನ್ನು ಎಂದೂ ಹೊಗಳದವಳು, "ಯಾರು ಹೊಲಿದಿದ್ದೋ, ಒಂದು ಹೊಲಿಗೆನೂ ತಪ್ಪಿಲ್ಲ," ಎಂದಳು.

ಅಜ್ಜಿ ತನ್ನ ಕುರ್ಚಿಯನ್ನು ಮೇಜಿನ ಪಕ್ಕಕ್ಕೇ ಹಾಕಿಸಿಕೊಂಡಿದ್ದಳು. ಬಹಳ ಹೊತ್ತು ನೋಡಿ ಕೇಳಿದಳು: "ನನ್ನೊಳಗೂ ಇಂಥದ್ದೇ ಇದೆಯಾ ಮಗಾ?"

"ಇಂಥದ್ದೇ ಅಜ್ಜಿ. ನಾಲ್ಕು ಕೋಣೆ. ನೀವು ಮಲಗಿದಾಗ್ಲೂ ಕೆಲಸ ಮಾಡ್ತಿರುತ್ತೆ."

ಅಜ್ಜಿ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. "ನೋಡು, ಹುಟ್ಟಿದಾಗಿಂದ ಒಳಗೆ ಹೀಗೆ ದುಡೀತಿದೆ. ಒಬ್ರೂ ನಂಗೆ ಹೇಳಿರ್ಲಿಲ್ಲ." ಕಂಪೌಂಡರ ಕಡೆ ತಿರುಗಿದಳು. "ಇಷ್ಟು ವರ್ಷ ಆಸ್ಪತ್ರೇಲಿ ಏನ್ ಮಾಡ್ದೆ ನೀನು?"

ಕಂಪೌಂಡರು ತಮ್ಮದೇ ನಾಡಿ ಹಿಡಿದು ನೋಡಿಕೊಂಡರು. ಹೆಡ್‌ಮಾಸ್ಟರು ಎದ್ದು ನಿಂತು, ಸಭೆಯ ಅಧ್ಯಕ್ಷರಂತೆ ಹೇಳಿದರು: "ಈ ಹುಡುಗಿಗೆ ಏನೂ ಆಗಿಲ್ಲ ಅಂತ ನನಗೆ ಮೊದಲಿಂದ್ಲೂ ಅನ್ನಿಸ್ತಾನೇ ಇತ್ತು."

"ಹಾಗಾದ್ರೆ ನಾಳೆ ಬರ್ಲಾ ಸಾರ್?"

"ಬರದೆ ಇದ್ರೆ ಗೈರುಹಾಜರಿ ಹಾಕ್ತೀನಿ! ಆದ್ರೆ ಇವತ್ತಿಂದು ಲೆಕ್ಕಕ್ಕಿಲ್ಲ. ನಿಯಮ ನಿಯಮವೇ. ನಾಳೆ ಶಾಲೆಯಲ್ಲಿ ಹೊಸದಾಗಿ ಮಾಡ್ಬೇಕು."

"ಇನ್ನೊಂದು ನಾನು ತರ್ತೀನಿ ಬಿಡಿ," ಎಂದ ಮಟನ್ ಅಂಗಡಿಯವನು. ಅವನಿಗೆ ತಾನು ದಿನಾ ಕೈಯಾಡಿಸುವ ಸರಕಿನೊಳಗೆ ಇಷ್ಟು ಬಸ್ಸು ಓಡಾಡುವುದು ಗೊತ್ತಿರಲಿಲ್ಲ. ಮುಖದಲ್ಲಿ ಏನೋ ಹೊಸ ಗೌರವವಿತ್ತು.

ಎಲ್ಲ ಮುಗಿಯಿತೆಂದು ಮೈಕಣ್ಣ ಕಣ್ಣು ಬಿಟ್ಟ. ತನ್ನ ಎರಡೂ ಕೈಗಳನ್ನು ನೋಡಿದ. ಮರುಕ್ಷಣ ಹಿಂದಕ್ಕೆ ವಾಲಿದ. ಅವನನ್ನು ನೆಲ ಮುಟ್ಟದಂತೆ ಹಿಡಿದವರು ಭಾವನವರು. ಎಚ್ಚರವಾದಾಗ ಅವರು ಅವನ ಮುಖಕ್ಕೆ ಗಾಳಿ ಹಾಕುತ್ತಾ, ಸುತ್ತಲಿದ್ದವರಿಗೆ ಹೇಳುತ್ತಿದ್ದರು: "ನನ್ನ ತಂಗಿ ಮಗಳು. ಅಡ್ವಾನ್ಸ್ ಬಯಾಲಜಿ. ಸಾದಾ ಬಯಾಲಜಿಗಿಂತ ಎಷ್ಟೋ ಸ್ಟಾಪ್ ಮುಂದೆ."

ಸೋಮವಾರ ಅವಳನ್ನು ಶಾಲೆಗೆ ಬಿಡಲು ಬೀದಿಯೇ ಹೊರಟಿತು. ಡ್ರೈವರು ಸ್ಟಾಪಿಲ್ಲದ ಕಡೆ, ಶಾಲೆಯ ಗೇಟಿಗೇ ಬಸ್ಸು ತಂದು ನಿಲ್ಲಿಸಿದ. ಒಳಗಿದ್ದ ಪ್ರಯಾಣಿಕರು ಒಬ್ಬರೂ ತಕರಾರು ಮಾಡದೆ ತಾವೂ ಇಳಿದರು. ಮಟನ್ ಅಂಗಡಿಯವನು ಬಿಳಿಯ ಶರ್ಟು ತೊಟ್ಟು ಡಬ್ಬಿಯೊಂದಿಗೆ ಕಾಯುತ್ತಿದ್ದ. ಅಜ್ಜಿಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. "ಇದು ಪರೀಕ್ಷೆ, ಸರ್ಕಸ್ ಅಲ್ಲ!" ಎಂದು ಹೆಡ್‌ಮಾಸ್ಟರು ಕೂಗಿ ಎಲ್ಲರನ್ನೂ ಅಂಗಳದಲ್ಲೇ ತಡೆದರು. ಲ್ಯಾಬು ಕೆಳಗಿನ ಅಂತಸ್ತಿನಲ್ಲೇ ಇತ್ತು. ಜನ ಅದರ ಕಿಟಕಿಗಳ ಹತ್ತಿರ ಜಮಾಯಿಸಿದರು. ಹೆಡ್‌ಮಾಸ್ಟರು ಶಿಸ್ತು ಕಾಪಾಡಲೆಂದು ಅವರ ಮುಂದೆ ನಿಂತರು. ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ಒಳಗೆ ಹುಡುಗಿ ತನ್ನ ಮೇಜಿನ ಮೇಲೆ ಒಬ್ಬಳೇ ಕೆಲಸ ಮಾಡಿದಳು. ಯಾರೂ ಹಿಡಿದುಕೊಳ್ಳಲಿಲ್ಲ, ಯಾರೂ ಕೂಗಿ ಹೇಳಲಿಲ್ಲ. ಬೇರೆ ಮಕ್ಕಳು ಇನ್ನೂ ಯಾವುದು ಎಡ ಯಾವುದು ಬಲ ಎಂದು ತಿರುಗಿಸಿ ನೋಡುತ್ತಿದ್ದಾಗ ಅವಳು ನಾಲ್ಕೂ ಕೋಣೆ ಬಿಡಿಸಿ, ಪ್ರತಿಯೊಂದಕ್ಕೂ ಚೀಟಿ ಚುಚ್ಚಿ, ಕೈತೊಳೆದುಕೊಂಡು ನಿಂತಿದ್ದಳು. ಮೇಡಂ ಬಂದರು. ಬಾಗಿದರು. ಚೀಟಿಗಳನ್ನು ಒಂದೊಂದಾಗಿ ಓದಿದರು. ಅಷ್ಟರಲ್ಲಿ ಹೊರಗಿನ ಗಲಾಟೆ ಜಾಸ್ತಿಯಾಗಿ, "ಆ ಕಿಟಕಿ ಹಾಕಮ್ಮ," ಎಂದರು.

ಹುಡುಗಿ ಕಿಟಕಿಗೆ ಬಂದಳು. ಹೊರಗೆ ತುದಿಗಾಲಿನ ಮೇಲೆ ನಿಂತಿದ್ದ ಅಪ್ಪನ ಅರ್ಧ ಮುಖ ಕಂಡಿತು. ಅವಳು ತಿರುಗಿ ಮೇಡಂ ಕಡೆ ನೋಡಿದಳು. ಮೇಡಂ ತಟ್ಟೆಯನ್ನು ನೋಡುತ್ತಿದ್ದರು.

"ಬೇಡ ಬಿಡು," ಎಂದರು ಮೇಡಂ. "ಇದನ್ನ ಅವರೂ ನೋಡ್ಲಿ. ನಿನ್ನ ಜಾಗ ಇಲ್ಲೇ, ಈ ಮೇಜೇ."

ಹುಡುಗಿ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಳು. ತಟ್ಟೆಯನ್ನು ಎತ್ತಿ ತಂದು ಎಲ್ಲರಿಗೂ ಕಾಣುವಂತೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೊದಲು ಚಪ್ಪಾಳೆ ತಟ್ಟಿದವರು ಯಾರೆಂಬ ಬಗ್ಗೆ ಆ ಬೀದಿಯಲ್ಲಿ ಇನ್ನೂ ವಾದ ಮುಗಿದಿಲ್ಲ. ಭಾವನವರು ತಾವೇ ಎನ್ನುತ್ತಾರೆ. ಡ್ರೈವರು ತಾನೇ ಎನ್ನುತ್ತಾನೆ. ಹೆಡ್‌ಮಾಸ್ಟರು ಶಿಸ್ತಿನ ದೃಷ್ಟಿಯಿಂದ ಏನೂ ಹೇಳುವುದಿಲ್ಲ, ಆದರೆ ಅವರ ಎರಡೂ ಅಂಗೈ ಅವತ್ತು ಕೆಂಪಗಿದ್ದುದನ್ನು ಅಜ್ಜಿ ಕಣ್ಣಾರೆ ಕಂಡಿದ್ದಾಳೆ. ಇಷ್ಟು ದೊಡ್ಡ ಗದ್ದಲ ಹುಡುಗಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವಳು ಆಗಲೇ ಮೇಡಂ ಹಿಂದೆ ಹಿಂದೆ ಹೋಗಿ, "ಮುಂದಿನ ಪಾಠ ಯಾವುದು ಮೇಡಂ? ಇವತ್ತೇ ಶುರು ಮಾಡೋಣ್ವಾ?" ಎಂದು ಕೇಳುತ್ತಿದ್ದಳು.